ಶಾಂತಲೆಯ ಕಾಲದ ಸಾರಿಗೆ ಮೆಣಸಿನಕಾಯಿ ಇರಲಿಲ್ಲ

ಮಕ್ಕಳೇ, ಮೊದಲು ಒಂದು ಕೆಲಸ ಮಾಡಿ. ಅಡುಗೆಮನೆಗೆ ಹೋಗಿ, ಇವತ್ತು ಸಾರಿಗೆ ಮತ್ತು ಪಲ್ಯಕ್ಕೆ ಏನೇನು ಬಿದ್ದಿದೆ ಎಂದು ಕೇಳಿಕೊಂಡು ಬನ್ನಿ. ಟೊಮೆಟೊ, ಆಲೂಗಡ್ಡೆ, ಬೀನ್ಸ್, ಒಣಮೆಣಸಿನಕಾಯಿ, ಒಗ್ಗರಣೆಗೆ ಸೂರ್ಯಕಾಂತಿ ಎಣ್ಣೆ. ಹೆಚ್ಚುಕಡಿಮೆ ಎಲ್ಲರ ಮನೆಯ ಪಟ್ಟಿಯೂ ಹೀಗೇ ಇರುತ್ತದೆ.

ಈಗ ಆ ಪಟ್ಟಿ ಹಿಡಿದು ಬೇಲೂರಿಗೆ ಹೋಗೋಣ, ಅದೂ 1117ನೇ ಇಸವಿಯ ಬೇಲೂರಿಗೆ. ವಿಷ್ಣುವರ್ಧನ ಚೆನ್ನಕೇಶವನ ಗುಡಿ ಕಟ್ಟಿಸಿದ ಕಾಲ ಅದು. ಅರಸಿ ಶಾಂತಲೆಯ ಮನೆಯ ಅಡುಗೆಯವರ ಕೈಗೆ ನಿಮ್ಮ ಪಟ್ಟಿ ಕೊಟ್ಟರೆ ಅವರು ಕಣ್ಣು ಕಣ್ಣು ಬಿಡುತ್ತಿದ್ದರು. ಆ ಐದರಲ್ಲಿ ಒಂದೂ ಆಗ ನಮ್ಮ ನಾಡಿನಲ್ಲಿರಲಿಲ್ಲ. ಐದರ ತವರೂ ಅಮೆರಿಕ ಖಂಡ. ಕೊಲಂಬಸ್ ಅಲ್ಲಿಗೆ ಹೋಗಿದ್ದು 1492ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿಳಿದದ್ದು 1498ರಲ್ಲಿ. ಗೋವೆ ಪೋರ್ಚುಗೀಸರ ಕೈಸೇರಿದ್ದು 1510ರಲ್ಲಿ. ಮೆಣಸಿನಕಾಯಿ ಅವರ ಹಡಗುಗಳಲ್ಲಿ ಬಂತು. ಉಳಿದವು ಅದರ ಹಿಂದೆ ಒಂದೊಂದಾಗಿ ಬಂದವು.

ಹಾಗಾದರೆ ಶಿಲ್ಪಿಗಳು ಕಲ್ಲು ಕೆತ್ತುತ್ತಿದ್ದ ಆ ಕಾಲದಲ್ಲಿ ಊಟ ಸಪ್ಪೆಯಾಗಿತ್ತೇ? ಖಂಡಿತ ಇಲ್ಲ. ಖಾರಕ್ಕೆ ಕಾಳುಮೆಣಸು ಮತ್ತು ಶುಂಠಿ ಇದ್ದವು. ಹುಳಿಗೆ ಹುಣಸೆ, ಸಿಹಿಗೆ ಬೆಲ್ಲ, ಜಿಡ್ಡಿಗೆ ತುಪ್ಪ ಮತ್ತು ಎಳ್ಳೆಣ್ಣೆ ಇದ್ದವು. ಅಕ್ಕಿ, ರಾಗಿ, ನವಣೆ, ಹುರುಳಿ, ಹೆಸರು, ಉದ್ದು, ಅವರೆ, ತೊಗರಿ ಇದ್ದವು. ಬದನೆ, ಬೂದುಗುಂಬಳ, ಹಾಗಲ, ಬಾಳೆ, ಹಲಸು, ಮಾವು, ನುಗ್ಗೆ ಇದ್ದವು. ಜೀರಿಗೆ, ಸಾಸಿವೆ, ಕೊತ್ತಂಬರಿ, ಅರಿಸಿನ, ಇಂಗು ಎಲ್ಲವೂ ಇದ್ದವು. ಅಡುಗೆಯ ಬಗ್ಗೆ ಬರೆದಿಡುವವರೂ ಇದ್ದರು. ಚಾವುಂಡರಾಯನೆಂಬ ಕವಿ 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ಬೇಸಾಯ, ವೈದ್ಯ, ಬಾವಿ ತೋಡುವ ವಿದ್ಯೆಗಳ ಜೊತೆಗೆ ಅಡುಗೆಯೂ ಇದೆ. ಮುಂದೆ 16ನೇ ಶತಮಾನದ ಆರಂಭದಲ್ಲಿ ಮಂಗರಸ ‘ಸೂಪಶಾಸ್ತ್ರ’ ಎಂದು ಅಡುಗೆಗಾಗಿಯೇ ಒಂದು ಪದ್ಯಗ್ರಂಥ ಬರೆದ. ಬೇಲೂರು ಗುಡಿಯ ಪ್ರಾಕಾರದೊಳಗೆ ಪಾಕಶಾಲೆಯೂ ಇದೆ. ಮುಂದಿನ ಸಲ ಹೋದಾಗ ಮದನಿಕೆಯರನ್ನು ನೋಡಿದ ಮೇಲೆ ಅದನ್ನೂ ಕೇಳಿಕೊಂಡು ಹೋಗಿ ನೋಡಿ.

ಈ ಲೇಖನ ಹೇಳುವುದು ಇಷ್ಟೆ: ಬರುವ ಭಾನುವಾರ ನಿಮ್ಮ ಮನೆಯಲ್ಲಿ ಒಂದು ಹೊತ್ತು ಹಳೆಯಡುಗೆ ಮಾಡಿ. ನಿಯಮ ಒಂದೇ. 1492ರ ನಂತರ ಬಂದ ಯಾವ ಪದಾರ್ಥವೂ ಅವತ್ತು ಒಲೆ ಹತ್ತುವಂತಿಲ್ಲ. ಮಾಡುವವರು ಮೊಮ್ಮಕ್ಕಳು. ಹೇಳಿಕೊಡುವವರು ತಾತ, ಅಜ್ಜಿ.

ಇದು ಹೊಸ ವಿಚಾರವೇನಲ್ಲ. ಅಮೆರಿಕದಲ್ಲಿ ಲಾರಾ ಇಂಗಲ್ಸ್ ವೈಲ್ಡರ್ ಎಂಬ ಲೇಖಕಿ ಕಾಡಿನಂಚಿನಲ್ಲಿ ಕಳೆದ ತನ್ನ ಬಾಲ್ಯದ ಕಥೆಗಳನ್ನು 1932ರಿಂದ ಪುಸ್ತಕಗಳಾಗಿ ತಂದರು. ಅದನ್ನು ಓದಿದ ಅಲ್ಲಿನ ಮಕ್ಕಳು ಇವತ್ತಿಗೂ ಮನೆಯಲ್ಲಿ ಬೆಣ್ಣೆ ಕಡೆದು, ರೊಟ್ಟಿ ಸುಟ್ಟು ಆ ಕಾಲದ ಬದುಕನ್ನು ಮಾಡಿ ನೋಡುತ್ತಾರೆ. ನಮ್ಮಲ್ಲಿ ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಕೈಕೆಲಸದ ಮೂಲಕವೇ ಪಾಠ ಕಲಿಸುವ ಶಿಕ್ಷಣವನ್ನು ಮುಂದಿಟ್ಟರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳಿಗೆ ಆಡುತ್ತ, ಮಾಡುತ್ತ ಕಲಿಯುವ ಅವಕಾಶ ಮಾಡಿಕೊಟ್ಟರು. ನಮಗೆ ಬೆಣ್ಣೆ ಕಡೆಯುವುದನ್ನು ಪುಸ್ತಕದಿಂದ ಕಲಿಯಬೇಕಾದ ಕಷ್ಟವಿಲ್ಲ. ಕಡೆದ ಕೈಗಳು ಇನ್ನೂ ಮನೆಯಲ್ಲೇ ಇವೆ.

ಹೆಸರಿನಲ್ಲೇ ಕಥೆ

ಮೊದಲ ಪಾಠ ಕನ್ನಡದ್ದು. ಒಲೆ ಹಚ್ಚುವುದೇ ಬೇಡ.

‘ಮೆಣಸು’ ಹಳೆಯ ಪದ. ಮಲೆನಾಡಿನ ಬಳ್ಳಿಯಲ್ಲಿ ಬಿಡುವ ಕಪ್ಪು ಕಾಳು ಅದು. ಹಡಗಿನಲ್ಲಿ ಹೊಸ ಕಾಯಿಯೊಂದು ಬಂದಾಗ ನಮ್ಮ ಜನ ನಾಲಿಗೆಗೆ ಹಚ್ಚಿ ನೋಡಿದರು. ಮೆಣಸಿನ ಹಾಗೆ ಖಾರ, ಆದರೆ ಕಾಯಿ. ಸರಿ, ‘ಮೆಣಸಿನಕಾಯಿ’ ಎಂದರು. ಆಮೇಲೆ ಕಾಯಿಯೇ ದೊಡ್ಡದಾಗಿ ಹಳೆಯ ಮೆಣಸನ್ನು ‘ಕಾಳುಮೆಣಸು’ ಎಂದು ಬೇರೆಯಾಗಿ ಕರೆಯಬೇಕಾಯಿತು. ನೆಂಟ ಬಂದು ಮನೆಯ ಯಜಮಾನನಾದ ಹಾಗೆ!

ಜೋಳವೂ ಹಾಗೆಯೇ. ಜೋಳ ನಮಗೆ ಹಳೆಯ ಧಾನ್ಯ. ತೆನೆಗೆ ಮುಸುಕು ಹಾಕಿಕೊಂಡು ಅಮೆರಿಕದಿಂದ ಬಂದದ್ದು ‘ಮುಸುಕಿನ ಜೋಳ’. ಪಪ್ಪಾಯಿಗೆ ನಮ್ಮ ಕಡೆ ‘ಪರಂಗಿ ಹಣ್ಣು’ ಎನ್ನುತ್ತೇವೆ. ಪರಂಗಿ ಎಂದರೆ ಯುರೋಪಿನವರು. ಕರಾವಳಿಯಲ್ಲಿ ಆಲೂಗಡ್ಡೆಗೆ ‘ಬಟಾಟೆ’ ಎನ್ನುತ್ತಾರೆ. ಅದು ಪೋರ್ಚುಗೀಸರ ಬಾಯಿಂದ ಬಂದ ಪದ. ಅನಾನಸ್ ಕೂಡ ಅದೇ ದಾರಿಯಲ್ಲಿ ಬಂತು. ಇನ್ನು ‘ಸೀಮೆ’ ಎಂದು ಶುರುವಾಗುವ ಪದಗಳಿವೆ: ಸೀಮೆಬದನೆ, ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಇಲ್ಲಿ ಸೀಮೆ ಎಂದರೆ ಹೊರದೇಶ.

ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿ. ಒಂದಕ್ಕೆ ‘ಮನೆಯವರು’, ಇನ್ನೊಂದಕ್ಕೆ ‘ನೆಂಟರು’ ಎಂದು ಹೆಸರಿಡಿ. ಡಬ್ಬ ಡಬ್ಬ ತೆಗೆದು ಒಂದೊಂದನ್ನೂ ಅದರ ಸಾಲಿಗೆ ಸೇರಿಸಿ. ಕಡಲೆಕಾಯಿ, ಗೋಡಂಬಿ, ಸಿಹಿಗುಂಬಳ, ಸೀಬೆ, ಸಪೋಟ ಇವೆಲ್ಲ ನೆಂಟರ ಸಾಲಿಗೆ. ಕಾಫಿ ಅಮೆರಿಕದ್ದಲ್ಲ, ಆದರೂ ಅದೂ ನೆಂಟನೇ. ಬಾಬಾ ಬುಡನ್ ಅರೇಬಿಯಾದಿಂದ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಎಂಬ ಕಥೆಯನ್ನು ತಾತನ ಬಾಯಲ್ಲಿ ಕೇಳಿ. ಇವತ್ತು ಬೇಲೂರು ತಾಲ್ಲೂಕಿನ ಪಡುವಣ ಭಾಗದಲ್ಲಿ ಕಾಫಿ ತೋಟಗಳೇ ತೋಟಗಳು. ಆಲೂಗಡ್ಡೆಗಂತೂ ಹಾಸನ ಜಿಲ್ಲೆಯೇ ಹೆಸರುವಾಸಿ. ನೆಂಟರು ಇಲ್ಲೇ ಮನೆಮಾಡಿ ನಮ್ಮ ರೈತರಿಗೆ ಅನ್ನ ಕೊಡುತ್ತಿದ್ದಾರೆ. ಅವರನ್ನು ಒಂದು ದಿನದ ಮಟ್ಟಿಗೆ ಆಚೆ ಕೂರಿಸುವುದು ಆಟಕ್ಕಾಗಿ, ಅಷ್ಟೆ.

ಮೂರು ಊರು, ಮೂರು ತಟ್ಟೆ

ಎರಡನೇ ಪಾಠ ಭೂಗೋಳದ್ದು. ಹಾಸನ ಜಿಲ್ಲೆಯ ನಕ್ಷೆ ತೆಗೆದು ಬೇಲೂರು, ಹಳೇಬೀಡು, ಅರಸೀಕೆರೆ ಮೂರಕ್ಕೂ ಒಂದೊಂದು ಚುಕ್ಕಿ ಇಡಿ. ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿಲೋಮೀಟರ್. ಅಲ್ಲಿಂದ ಜಾವಗಲ್ ಕಡೆಯಿಂದ ಮೂಡಲಿಗೆ ಹೋದರೆ ಅರಸೀಕೆರೆ.

ಪಡುವಣದಿಂದ ಮೂಡಲಿಗೆ ಬಂದಂತೆ ಮಳೆ ಕಡಿಮೆಯಾಗುತ್ತದೆ. ಬೇಲೂರು ಮಲೆನಾಡಿನ ಹೊಸ್ತಿಲು. ಯಗಚಿ ನದಿ ಪಕ್ಕದಲ್ಲೇ ಹರಿಯುತ್ತದೆ. ಗದ್ದೆಯ ಭತ್ತದಿಂದಾಗಿ ಅಲ್ಲಿ ಅಕ್ಕಿ ರೊಟ್ಟಿ, ಕಡುಬು. ಅರಸೀಕೆರೆ ಬಯಲುಸೀಮೆ. ಅಲ್ಲಿ ರಾಗಿ, ಹುರುಳಿ, ತೆಂಗು. ಊಟಕ್ಕೆ ಮುದ್ದೆ. ನಡುವಿನ ಹಳೇಬೀಡಿನ ಸುತ್ತ ಎರಡೂ ಕಡೆಯ ರುಚಿ. ಮಳೆ ಏನು ಹೇಳುತ್ತದೋ ತಟ್ಟೆ ಅದನ್ನು ಕೇಳುತ್ತದೆ.

ಊರುಗಳ ಹೆಸರು, ಚರಿತ್ರೆಯೂ ನೀರಿನ ಮಾತೇ ಆಡುತ್ತವೆ. ಹಳೇಬೀಡಿನ ಹಿಂದಿನ ಹೆಸರು ದೋರಸಮುದ್ರ. ರಾಜಧಾನಿಯ ದೊಡ್ಡ ಕೆರೆಗೂ ಅದೇ ಹೆಸರು. ಅರಸೀಕೆರೆ ಎಂದರೆ ಅರಸಿಯ ಕೆರೆ. ಮಳೆ ಕಡಿಮೆಯಿದ್ದ ಕಡೆ ಜನ ಕೆರೆ ಕಟ್ಟಿದರು, ಕೆರೆಯ ಹೆಸರನ್ನೇ ಊರಿಗೂ ಇಟ್ಟರು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕೆಲಸ 1121ರ ಸುಮಾರಿಗೆ ಶುರುವಾಯಿತು. ಅರಸೀಕೆರೆಯ ಈಶ್ವರ ಗುಡಿ 1220ರದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಗುಡಿಗಳನ್ನು ಕಾಯಲು ಈಗ ಇಡೀ ಜಗತ್ತಿದೆ. ಅಡುಗೆಮನೆಯ ವಿದ್ಯೆಯನ್ನು ಕಾಯುವವರು ನಾವೇ.

ನಿಮಗೊಂದು ಕೆಲಸ: ತಾತ ಮತ್ತು ಅಜ್ಜಿ ಹುಟ್ಟಿದ ಊರುಗಳನ್ನು ನಕ್ಷೆಯಲ್ಲಿ ಗುರುತಿಸಿ. ಅವರು ನಿಮ್ಮ ವಯಸ್ಸಿನಲ್ಲಿದ್ದಾಗ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಏನು ಉಣ್ಣುತ್ತಿದ್ದರು ಎಂದು ಕೇಳಿ ಬರೆಯಿರಿ. ಅಕ್ಕಿಯ ಅನ್ನ ಹಬ್ಬಕ್ಕೆ ಮಾತ್ರ ಸಿಗುತ್ತಿತ್ತು ಎಂದು ಕೆಲವರು ಹೇಳಬಹುದು. ಯಾಕೆ ಎಂದು ಕೇಳಿ. ಉತ್ತರಕ್ಕೆ ಸಮಯ ಕೊಡಿ.

ಗುಡಿಯ ಕಲ್ಲು, ಬೀಸುವ ಕಲ್ಲು

ಮೂರನೇ ಪಾಠ ವಿಜ್ಞಾನದ್ದು. ಬೇಲೂರು, ಹಳೇಬೀಡಿನ ಗುಡಿಗಳನ್ನು ಕಟ್ಟಿದ್ದು ಬಳಪದ ಕಲ್ಲಿನಿಂದ. ನೆಲದಿಂದ ತೆಗೆದ ಹೊಸದರಲ್ಲಿ ಅದು ಮೆದು. ಉಳಿ ಹೇಳಿದಂತೆ ಕೇಳುತ್ತದೆ. ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುತ್ತದೆ. ಆದ್ದರಿಂದಲೇ ಕೂದಲ ಎಳೆ, ಬಳೆಯ ಸಾಲುಗಳನ್ನು ಅಷ್ಟು ಸಣ್ಣಗೆ ಕೆತ್ತಲು ಸಾಧ್ಯವಾಯಿತು. ತಾತ ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪವೂ ಇದೇ ಜಾತಿಯ ಕಲ್ಲಿನದು. ಹಳೆಯ ಮನೆಗಳ ಅಟ್ಟದಲ್ಲಿ ಬಳಪದ ಕಲ್ಲಿನ ಪಾತ್ರೆ ಇದ್ದರೂ ಇರಬಹುದು. ಕೆಲವರು ಕಲ್ಮರಿಗೆ ಎನ್ನುತ್ತಾರೆ, ಕೆಲವರು ಕಲ್ಚಟ್ಟಿ ಎನ್ನುತ್ತಾರೆ. ಒಲೆಯಿಂದ ಇಳಿಸಿದ ಮೇಲೂ ಅದರಲ್ಲಿ ಸಾರು ಬಹಳ ಹೊತ್ತು ಬಿಸಿಯಾಗಿರುತ್ತದೆ. ಗುಡಿ, ಬಳಪ, ಸಾರಿನ ಪಾತ್ರೆ: ಮೂರಕ್ಕೂ ಒಂದೇ ಜಾತಿಯ ಕಲ್ಲು!

ಆದರೆ ಬೀಸುವ ಕಲ್ಲನ್ನು ಮಾತ್ರ ಬಳಪದ ಕಲ್ಲಿನಲ್ಲಿ ಮಾಡುವುದಿಲ್ಲ. ಮಾಡಿದರೆ ಹಿಟ್ಟಿನ ಜೊತೆ ಕಲ್ಲೂ ಪುಡಿಯಾಗಿ ಬೀಳುತ್ತದೆ. ಅದಕ್ಕೆ ಗಟ್ಟಿ ಗ್ರಾನೈಟ್ ಬೇಕು. ನಿಮ್ಮ ಮನೆಯ ಬೀಸುವ ಕಲ್ಲು ಹಿತ್ತಿಲಿನಲ್ಲಿ ಹೂಕುಂಡ ಹೊತ್ತು ಕೂತಿದ್ದರೆ ಈ ವಾರ ಅದನ್ನು ಬಿಡಿಸಿ ತನ್ನಿ. ಭಾರ ಎತ್ತುವುದು ದೊಡ್ಡವರ ಕೆಲಸ. ಚೆನ್ನಾಗಿ ತೊಳೆದು ಒಣಗಿಸಿ, ಮೊದಲು ಒಂದು ಹಿಡಿ ಅಕ್ಕಿ ಬೀಸಿ ಆ ಹಿಟ್ಟನ್ನು ಚೆಲ್ಲಿಬಿಡಿ. ಕಲ್ಲಿನ ಸಂದಿಯ ದೂಳು ಅದರ ಜೊತೆ ಹೋಗುತ್ತದೆ.

ಈಗ ನೋಡಿ. ಕೆಳಗಿನ ಕಲ್ಲು ಅಲ್ಲಾಡುವುದಿಲ್ಲ, ಮೇಲಿನದು ತಿರುಗುತ್ತದೆ. ನಡುವಿನ ಬಾಯಿಗೆ ರಾಗಿ ಹಾಕಿದರೆ ಹಿಟ್ಟು ಅಂಚಿನಿಂದ ಉದುರುತ್ತದೆ. ನಡುವೆ ಹಾಕಿದ ಕಾಳು ಅಂಚಿಗೆ ಯಾಕೆ ಬಂತು? ಒಂದೇ ಸಲಕ್ಕೆ ಹೆಚ್ಚು ರಾಗಿ ಸುರಿದರೆ ಹಿಟ್ಟು ಯಾಕೆ ತರಿತರಿಯಾಗುತ್ತದೆ? ಗೂಟ ಕಲ್ಲಿನ ಅಂಚಿನಲ್ಲೇ ಯಾಕಿದೆ, ನಡುವೆ ಯಾಕಿಲ್ಲ? ಮೂರು ಪ್ರಶ್ನೆಗೂ ಉತ್ತರ ನಿಮ್ಮ ತೋಳಿಗೇ ತಿಳಿಯುತ್ತದೆ. ಎದುರುಬದುರು ಕೂತು ಅಜ್ಜಿ ಮೊಮ್ಮಗಳು ಇಬ್ಬರೂ ಗೂಟ ಹಿಡಿದರೆ ಭಾರ ಅರ್ಧವಾಗುತ್ತದೆ. ಬೀಸುವಾಗ ಹಾಡು ಹೇಳುತ್ತಿದ್ದದ್ದು ಯಾಕೆಂದೂ ತಿಳಿಯುತ್ತದೆ. ಕೈ ಒಂದೇ ಲಯದಲ್ಲಿ ತಿರುಗಲು ಹಾಡು ಬೇಕು, ಬೇಸರ ಕಳೆಯಲೂ ಬೇಕು. ಅಜ್ಜಿಗೆ ಬರುವ ಒಂದು ಬೀಸುವ ಹಾಡನ್ನು ಹೇಳಿಸಿ, ಬರೆದಿಟ್ಟುಕೊಳ್ಳಿ.

ರಾಗಿ ಬೀಸುವ ಮೊದಲು ಮೊರದಲ್ಲಿ ಕೇರಬೇಕು. ಹೊಟ್ಟು ಮುಂದಕ್ಕೆ ಹಾರಿ ಕಾಳು ಹಿಂದೆ ಉಳಿಯುತ್ತದೆ. ನಿಮ್ಮ ಕೈಯಲ್ಲಿ ಮೊದಲ ಸಲ ಎರಡೂ ನೆಲಕ್ಕೇ ಬೀಳುತ್ತವೆ, ಗಾಬರಿ ಬೇಡ. ಒಂದು ಹಳೆಯ ಸೀರೆ ಹಾಸಿ ಕೂತುಕೊಳ್ಳಿ.

ಅಜ್ಜಿಯ ಒಂದು ಹಿಡಿ ಎಷ್ಟು ಗ್ರಾಂ?

ನಾಲ್ಕನೇ ಪಾಠ ಲೆಕ್ಕದ್ದು. ದಶಮಾನ ಪದ್ಧತಿ ಬರುವ ಮೊದಲು ನಮ್ಮ ಕಡೆ ಕಾಳನ್ನು ಅಳೆಯುತ್ತಿದ್ದದ್ದು ಚಟಾಕು, ಪಾವು, ಸೇರುಗಳಲ್ಲಿ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ಅರ್ಧ ಸೇರಿಗೆ ಅಚ್ಚೇರು. ಕಣದಲ್ಲಿ ಅಳೆಯುವಾಗ 20 ಕೊಳಗಕ್ಕೆ ಒಂದು ಖಂಡುಗ. ಕೊಳಗ, ಖಂಡುಗ ಎಂಬ ಪದಗಳು ಹಳೆಯ ಶಾಸನಗಳಲ್ಲೂ ಬರುತ್ತವೆ. ಅಷ್ಟು ಬೀಜ ಬಿತ್ತಬಹುದಾದ ಭೂಮಿ ಎಂದು ಹೊಲಗದ್ದೆಯ ಅಳತೆಗೂ ಅವೇ ಪದ.

ಪಾವು, ಸೇರಿನ ಪಾತ್ರೆಗಳು ಮನೆಯಲ್ಲಿದ್ದರೆ ನೀರು ತುಂಬಿ ಅಳೆದು ನೋಡಿ. ಒಂದು ಸೇರಿನಲ್ಲಿ ಎಷ್ಟು ಚಟಾಕು? ಮೂರು ಪಾವು ಎಂದರೆ ಸೇರಿನ ಎಷ್ಟು ಭಾಗ? ಭಿನ್ನರಾಶಿಯೆಂದರೆ ಹೆದರುವ ಮಕ್ಕಳಿಗೂ ಇದು ಕೈಗೆ ಸಿಗುವ ಲೆಕ್ಕ.

ಆದರೆ ಅಜ್ಜಿಯರು ಪಾವಿನಲ್ಲೂ ಅಳೆಯುವುದಿಲ್ಲ, ಗ್ರಾಂನಲ್ಲೂ ಅಳೆಯುವುದಿಲ್ಲ. “ಒಂದು ಹಿಡಿ ಹಾಕು, ಒಂದು ಚಿಟಿಕೆ ಹಾಕು, ಹದ ನೋಡಿ ನೀರು ಹಾಕು” ಎನ್ನುತ್ತಾರೆ. ಈ ಹದ ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ಅದು ಅವರ ಕೈಯಲ್ಲಿದೆ. ಅದನ್ನು ನೋಟ್‌ಬುಕ್ಕಿಗೆ ಇಳಿಸುವುದು ನಿಮ್ಮ ಕೆಲಸ.

ಅಡುಗೆಮನೆಯ ಪುಟ್ಟ ತಕ್ಕಡಿ ತೆಗೆದುಕೊಳ್ಳಿ. ಅಜ್ಜಿಗೆ ಒಂದು ಹಿಡಿ ಹುರುಳಿ ತೆಗೆಯಲು ಹೇಳಿ ತೂಗಿ, ಬರೆಯಿರಿ. ಹೀಗೆ ಐದು ಸಲ. ಐದನ್ನೂ ಕೂಡಿಸಿ ಐದರಿಂದ ಭಾಗಿಸಿ. ಅದು ಅಜ್ಜಿಯ ಹಿಡಿಯ ಸರಾಸರಿ. ಈಗ ನೀವು ಐದು ಸಲ ತೆಗೆಯಿರಿ. ಐದು ತೂಕಗಳಲ್ಲಿ ದೊಡ್ಡದಕ್ಕೂ ಸಣ್ಣದಕ್ಕೂ ಎಷ್ಟು ಅಂತರ ಎಂದು ಹೋಲಿಸಿ. ಯಾರ ಕೈ ಹೆಚ್ಚು ಪಳಗಿದೆ ಎಂದು ಅಂಕಿಗಳೇ ಹೇಳಲಿ. ಚಿಟಿಕೆ ಅರಿಸಿನ, ಬೆರಳ ಗೆಣ್ಣಿನವರೆಗೆ ನೀರು, ನಿಂಬೆ ಗಾತ್ರದ ಹುಣಸೆ ಇವಕ್ಕೂ ಹೀಗೆಯೇ ಮಾಡಿ. ಕೊನೆಗೆ ನಿಮ್ಮ ಕೈಯಲ್ಲೊಂದು ಪಟ್ಟಿ ಇರುತ್ತದೆ. ಮುಂದೆ ನೀವು ಓದಲು ಬೇರೆ ಊರಿಗೆ ಹೋದಾಗ, ಮನೆಯ ಸಾರಿನ ರುಚಿ ಬೇಕೆನ್ನಿಸಿದಾಗ ಆ ಪಟ್ಟಿ ಕೆಲಸಕ್ಕೆ ಬರುತ್ತದೆ.

ರಾಗಿ ಗೆದ್ದದ್ದು ಹೇಗೆ?

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳವಾಗುತ್ತದೆ. ಯಾರು ದೊಡ್ಡವರು ಎಂಬುದೇ ಜಗಳ. ನ್ಯಾಯ ರಾಮನ ಮುಂದೆ ಬರುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ. ಆರು ತಿಂಗಳ ಮೇಲೆ ತೆಗೆದಾಗ ಅಕ್ಕಿ ಸೊರಗಿರುತ್ತದೆ, ರಾಗಿ ಇದ್ದಂತೆಯೇ ಇರುತ್ತದೆ. ರಾಗಿ ಗೆದ್ದು ರಾಘವನ ಹೆಸರು ಪಡೆಯುತ್ತದೆ.

ಕಥೆಯ ಹಿಂದೆ ರೈತರು ಕಂಡುಕೊಂಡ ಸತ್ಯವಿದೆ. ರಾಗಿಯ ಕಾಳು ಬಹಳ ಸಣ್ಣದು, ಹುಳುಗಳಿಗೆ ಸುಲಭದ ತುತ್ತಲ್ಲ. ಆದ್ದರಿಂದ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಹಿಂದೆ ಅದನ್ನು ನೆಲದಲ್ಲಿ ತೋಡಿದ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಹಗೇವೇ ಊರಿನ ಆಸರೆ. ಹಗೇವು ನೋಡಿದ್ದೀರಾ ಎಂದು ತಾತನನ್ನು ಕೇಳಿ. ನೋಡಿದ್ದರೆ, ಅದರ ಬಾಯಿ ತೆಗೆದ ತಕ್ಷಣ ಒಳಗೆ ಇಳಿಯಬಾರದು ಎನ್ನುತ್ತಿದ್ದರಲ್ಲ, ಯಾಕೆ ಎಂದೂ ಕೇಳಿ. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡಿ ಆಮ್ಲಜನಕ ಕಡಿಮೆಯಾಗಿರುತ್ತದೆ. ವಿಜ್ಞಾನದ ಪುಸ್ತಕದಲ್ಲಿ ನೀವು ಓದುವುದನ್ನು ಅವರು ಬದುಕಿನಲ್ಲಿ ಕಂಡಿದ್ದರು.

ರಾಮನ ಪರೀಕ್ಷೆಯನ್ನು ನೀವೂ ಮಾಡಬಹುದು. ಎರಡು ಡಬ್ಬಿಗಳಲ್ಲಿ ಒಂದೊಂದು ಪಾವು ಅಕ್ಕಿ, ರಾಗಿ ತುಂಬಿ ದಿನಾಂಕ ಬರೆದಿಡಿ. ಪ್ರತಿ ತಿಂಗಳೂ ತೆಗೆದು ಹುಳು ಬಿದ್ದಿದೆಯೇ ನೋಡಿ ಬರೆಯಿರಿ. ಆರು ತಿಂಗಳಿಗೆ ತೀರ್ಪು ಕೊಡಿ.

ಒಂದು ಬೆರಗಿನ ಸಂಗತಿ. ಈ ರಾಗಿಯೂ ನೆಂಟನೇ. ಅದರ ತವರು ಆಫ್ರಿಕಾ. ಆದರೆ ಸಾವಿರಾರು ವರ್ಷಗಳ ಹಿಂದೆಯೇ ಬಂದದ್ದರಿಂದ ನಮ್ಮ ನಿಯಮದ ಪ್ರಕಾರ ಅದು ಮನೆಯವರ ಸಾಲಿಗೆ ಸೇರುತ್ತದೆ. ಕಳೆದ ಶತಮಾನದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಮತ್ತೆ ನಂಟು ಬೆಳೆಸಿದರು. ಹೀಗೆ ಹುಟ್ಟಿದ ‘ಇಂಡಾಫ್’ ತಳಿಗಳು ಹೆಚ್ಚು ಇಳುವರಿ ಕೊಟ್ಟವು. ಇಂಡಿಯಾ ಮತ್ತು ಆಫ್ರಿಕಾ ಸೇರಿ ಇಂಡಾಫ್! ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಬೆಳೆಯುವ ಮಕ್ಕಳ ಮೂಳೆಗೆ ಬೇಕಾದ ಕ್ಯಾಲ್ಸಿಯಂ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚಿದೆ. ಅಕ್ಕಿಗಿಂತ ಅದು ಎಷ್ಟೋ ಪಾಲು ಹೆಚ್ಚು. ತಾತ, ಅಜ್ಜಿಯರ ಮೂಳೆಗೂ ಅದು ಒಳ್ಳೆಯದೇ.

ಭಾನುವಾರದ ಅಡುಗೆ: ನಾಲ್ಕೈದು ಜನರಿಗೆ

ಬೆಂಕಿ, ಕುದಿಯುವ ನೀರು ಮತ್ತು ಈಳಿಗೆಮಣೆಯ ಕೆಲಸದಲ್ಲಿ ದೊಡ್ಡವರ ಕೈ ಜೊತೆಗಿರಲಿ. ಗಂಡುಮಕ್ಕಳೂ ಕೂರಬೇಕು. ಇದರಲ್ಲಿ ವಿನಾಯಿತಿ ಇಲ್ಲ.

*ಹುರುಳಿಕಟ್ಟಿನ ಸಾರು.* ಒಂದು ಲೋಟ ಹುರುಳಿಯನ್ನು ರಾತ್ರಿಯೇ ನೆನೆಸಿ. ಬೆಳಗ್ಗೆ ಆರು ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ ಕಟ್ಟು ಬಸಿದುಕೊಳ್ಳಿ. ಒಂದೂವರೆ ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ಎರಡು ಚಮಚ ಕೊತ್ತಂಬರಿ ಬೀಜ ಇವನ್ನು ಸ್ವಲ್ಪ ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿಯಿರಿ. ಇದಕ್ಕೆ ಅರ್ಧ ಲೋಟ ತೆಂಗಿನತುರಿ, ಆರು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಿಸಿನ, ಒಂದು ಹಿಡಿ ಬೆಂದ ಹುರುಳಿ ಸೇರಿಸಿ ಒರಳಿನಲ್ಲಿ ನುಣ್ಣಗೆ ರುಬ್ಬಿ. ಕಟ್ಟಿಗೆ ಬೆರೆಸಿ, ಹುಣಸೆರಸ, ಉಪ್ಪು ಹಾಕಿ ಕುದಿಸಿ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಿ. ಮಕ್ಕಳು ಸಣ್ಣವರಿದ್ದರೆ ಮೆಣಸು ಅರ್ಧ ಸಾಕು.

*ನುಗ್ಗೆಸೊಪ್ಪಿನ ಪಲ್ಯ.* ಸೊಪ್ಪು ಬಿಡಿಸುವುದು ಮಕ್ಕಳ ಕೆಲಸ. ಎಳ್ಳೆಣ್ಣೆಯಲ್ಲಿ ಸಾಸಿವೆ ಸಿಡಿಸಿ, ಸೊಪ್ಪು ಬಾಡಿಸಿ. ಉಳಿದ ಬೆಂದ ಹುರುಳಿ, ಕುಟ್ಟಿದ ಮೆಣಸು, ಉಪ್ಪು, ತೆಂಗಿನತುರಿ ಹಾಕಿ ಇಳಿಸಿ.

*ರಾಗಿ ಮುದ್ದೆ.* ಎರಡು ಲೋಟ ಹಿಟ್ಟಿಗೆ ನಾಲ್ಕು ಲೋಟ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಆ ನೀರಿಗೆ ಹಾಕಿ, ಉಪ್ಪು ಹಾಕಿ ಕುದಿಸಿ. ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಮುದ್ದೆಕೋಲಿನಿಂದ ನಡುವೆ ತೂತು ಮಾಡಿ, ಕಲಕದೆ ಐದು ನಿಮಿಷ ಸಣ್ಣ ಉರಿಯಲ್ಲಿ ಬೇಯಲು ಬಿಡಿ. ಆಮೇಲೆ ಗಂಟಿಲ್ಲದಂತೆ ತಿರುವಿ, ಮುಚ್ಚಿ ಎರಡು ನಿಮಿಷ ಹಬೆಯಲ್ಲಿಡಿ. ತಿರುವುವುದು ತೋಳಿನ ಕೆಲಸ, ದೊಡ್ಡವರೇ ಮಾಡಲಿ. ಒದ್ದೆ ಬೆರಳಿನಿಂದ ಮುಟ್ಟಿದರೆ ಅಂಟಬಾರದು, ಅದೇ ಹದ. ಸ್ವಲ್ಪ ಆರಿದ ಮೇಲೆ ಕೈ ಒದ್ದೆ ಮಾಡಿಕೊಂಡು ಮಕ್ಕಳು ಸಣ್ಣ ಸಣ್ಣ ಮುದ್ದೆ ಕಟ್ಟಬಹುದು.

*ಎಳ್ಳಿನ ಚಿಗಳಿ.* ಒಂದು ಲೋಟ ಎಳ್ಳನ್ನು ಹದವಾಗಿ ಹುರಿದು ಆರಿಸಿ. ಮುಕ್ಕಾಲು ಲೋಟ ಬೆಲ್ಲದ ಪುಡಿ, ಎರಡು ಏಲಕ್ಕಿ ಸೇರಿಸಿ ಒರಳಿನಲ್ಲಿ ಕುಟ್ಟಿ. ಕುಟ್ಟುತ್ತ ಹೋದಂತೆ ಎಳ್ಳು ಎಣ್ಣೆ ಬಿಡುತ್ತದೆ, ಪುಡಿ ತಾನಾಗಿ ಅಂಟಿಕೊಳ್ಳುತ್ತದೆ. ಉಂಡೆ ಕಟ್ಟಿ. ಎಣ್ಣೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, ಗಾಣದ ಪಾಠವೂ ಆದಂತೆ.

ಕೊನೆಗೆ ಮಜ್ಜಿಗೆ. ಊಟದ ಮೇಲೆ ಎಲ್ಲರೂ ಒಂದೊಂದು ಮಾತು ಹೇಳಿ: ಮೆಣಸಿನ ಖಾರಕ್ಕೂ ಮೆಣಸಿನಕಾಯಿಯ ಖಾರಕ್ಕೂ ಏನು ವ್ಯತ್ಯಾಸ? ಯಾವುದು ನಾಲಿಗೆಯಲ್ಲಿ ಹೆಚ್ಚು ಹೊತ್ತು ನಿಂತಿತು?

ಒಂದು ವರ್ಷದ ಪಾಠ

ಅವಸರವಿಲ್ಲದ ಪಾಠವೊಂದು ಅರಸೀಕೆರೆಯಿಂದ. ಅಲ್ಲಿಯೂ ಪಕ್ಕದ ತಿಪಟೂರಿನಲ್ಲಿಯೂ ಕೊಬ್ಬರಿ ದೊಡ್ಡ ವ್ಯಾಪಾರ. ಉಂಡೆ ಕೊಬ್ಬರಿ ಮಾಡಲು ಯಂತ್ರ ಬೇಡ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಬಿಟ್ಟರಾಯಿತು. ಹತ್ತು ಹನ್ನೆರಡು ತಿಂಗಳಲ್ಲಿ ಒಳಗಿನ ನೀರು ಬತ್ತಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ.

ಸಿಪ್ಪೆ ಸುಲಿಯದ ಒಂದು ಬಲಿತ ಕಾಯಿ ತಂದು ಅದರ ಮೇಲೆ ನಿಮ್ಮ ಹೆಸರು, ದಿನಾಂಕ ಬರೆಯಿರಿ. ತೂಗಿ. ಪ್ರತಿ ತಿಂಗಳ ಮೊದಲ ಭಾನುವಾರ ಮತ್ತೆ ತೂಗಿ, ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿ. ಮೊದಮೊದಲು ನೀರಿನ ಸದ್ದು. ಆಮೇಲೆ ಮೌನ. ಕೊನೆಗೊಂದು ದಿನ ಒಳಗೆ ಉಂಡೆ ಗಡಗಡ ಎನ್ನುತ್ತದೆ. ತೂಕವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸುತ್ತ ಹೋಗಿ. ಕಾಯಿ ಒಡೆಯುವ ದಿನ ಬೆಲ್ಲದ ಜೊತೆ ತಿಂದರೆ, ವರ್ಷ ಕಾದದ್ದು ಸಾರ್ಥಕ.

ಹಿರಿಯರಿಗೆ ಒಂದು ಮಾತು

ಇದನ್ನು ಓದುತ್ತಿರುವ ತಾತ, ಅಜ್ಜಿಯರೇ, ಭಾನುವಾರ ನಿಮಗೆ ಕಷ್ಟವಾಗುವುದು ಒಂದೇ: ಸುಮ್ಮನೆ ಕೂರುವುದು. ಮಗು ಹಿಟ್ಟು ಚೆಲ್ಲುತ್ತದೆ, ಮುದ್ದೆಯಲ್ಲಿ ಗಂಟು ಬೀಳುತ್ತದೆ, ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ ಬೇಕಾಗುತ್ತದೆ. ಕೈ ಹಾಕಿ ಮುಗಿಸಿಬಿಡಬೇಡಿ. ಬಾಯಲ್ಲಿ ಹೇಳಿ. “ನಮಗೆ ಏನು ಗೊತ್ತು, ನಾವು ಓದಿದವರಲ್ಲ” ಎನ್ನಬೇಡಿ. ಕೇರುವುದು, ಬೀಸುವುದು, ಹದ ನೋಡುವುದು, ಬೀಜ ಕಾಪಾಡುವುದು, ಬರದ ವರ್ಷವನ್ನು ದಾಟುವುದು, ಇವೆಲ್ಲ ವಿದ್ಯೆಗಳೇ. ಇವುಗಳಲ್ಲಿ ನೀವೇ ಮೇಷ್ಟ್ರು.

ಮಕ್ಕಳೇ, ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಊರು, ದಿನಾಂಕ ಮತ್ತು ಹೇಳಿಕೊಟ್ಟವರ ಹೆಸರು ಬರೆಯುವುದನ್ನು ಮರೆಯಬೇಡಿ. ಶಾಸನ ಬರೆದವರೂ ಇಸವಿ, ಊರು, ಹೆಸರು ಹಾಕಿದ್ದರಿಂದಲೇ ಬೇಲೂರಿನ ಗುಡಿ 1117ರದು ಎಂದು ಇವತ್ತು ನಮಗೆ ಗೊತ್ತು. ಬೀಸುವ ಕಲ್ಲು ಇನ್ನೂ ನೂರು ವರ್ಷ ಇರುತ್ತದೆ. ಅದರ ಗೂಟ ಹಿಡಿಯಲು ಬಲ್ಲ ಕೈಗಳಿಗೆ ಅಷ್ಟು ಪುರುಸೊತ್ತಿಲ್ಲ. ಶನಿವಾರ ರಾತ್ರಿಯೇ ಹುರುಳಿ ನೆನೆಹಾಕಿ.